ಐವತ್ತು ಆಸನಗಳ ಲೆಕ್ಕ: ಸಾಂಬ್ರಾ ಮತ್ತು ಸ್ಟಾರ್ ಏರ್

ಯರಗಟ್ಟಿಯಿಂದ ನೇಸರಗಿ ಮಾರ್ಗವಾಗಿ ಬೆಳಗಾವಿಗೆ ಹೊರಟ ವ್ಯಾಪಾರಿಗೆ ಪೇಟೆ ಇನ್ನೂ ಹತ್ತು ಕಿಲೋಮೀಟರ್ ದೂರವಿರುವಾಗಲೇ ಸಾಂಬ್ರಾ ವಿಮಾನ ನಿಲ್ದಾಣ ಎದುರಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಸಿದ್ಧಪಡಿಸಿದ ನೆಲೆ ಇದು. 2017ರಲ್ಲಿ ಇಲ್ಲಿ ಹೊಸ ಟರ್ಮಿನಲ್ ಕಟ್ಟಡ ಉದ್ಘಾಟನೆಗೊಂಡಿತು, ರನ್‌ವೇಯೂ ವಿಸ್ತಾರಗೊಂಡಿತು. ಕಟ್ಟಡವೇನೋ ಸಿದ್ಧವಾಯಿತು. ಆದರೆ ಮರುವರ್ಷವೇ ವಿಮಾನಗಳು ವಿರಳವಾದವು.

ಇದಕ್ಕೆ ಕಾರಣ ನೆರೆಯ ಹುಬ್ಬಳ್ಳಿ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿದ ‘ಉಡಾನ್’ ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿ ಸೇರಿತ್ತು, ಬೆಳಗಾವಿ ಸೇರಿರಲಿಲ್ಲ. 2018ರಲ್ಲಿ ಸ್ಪೈಸ್‌ಜೆಟ್ ಸಂಸ್ಥೆ ಬೆಳಗಾವಿಯಿಂದ ನಡೆಸುತ್ತಿದ್ದ ಸೇವೆಗಳನ್ನು ಹುಬ್ಬಳ್ಳಿಗೆ ಸ್ಥಳಾಂತರಿಸಿತು. ರಿಯಾಯಿತಿ ದೊರೆಯುವ ಕಡೆಗೆ ವಿಮಾನ ಸಾಗುವುದು ವ್ಯವಹಾರದ ಸಹಜ ನಡೆ. ಸವದತ್ತಿಯ ವರ್ತಕನಿಗೆ ಧಾರವಾಡ–ಹುಬ್ಬಳ್ಳಿಯ ದಾರಿಯೇ ಅನುಕೂಲ, ಅವನಿಗೆ ಇದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಉದ್ಯಮಬಾಗದ ಫೌಂಡ್ರಿಗಳಿಗೂ ಶಹಾಪುರ–ವಡಗಾವಿಯ ಸೀರೆ ವ್ಯಾಪಾರಸ್ಥರಿಗೂ ಮನೆಬಾಗಿಲಿನ ನಿಲ್ದಾಣ ಕಣ್ಣೆದುರೇ ಬರಿದಾದಂತಾಯಿತು. ವಾಣಿಜ್ಯ ವಲಯದಿಂದ ಸಾಲುಸಾಲು ಮನವಿಗಳು ಹೋದವು. ಉಡಾನ್‌ನ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೂ ಸ್ಥಾನ ದೊರೆಯಿತು.

ಈ ಸಂದರ್ಭದಲ್ಲಿ ಕಣಕ್ಕಿಳಿದದ್ದು ‘ಸ್ಟಾರ್ ಏರ್’. ಕೊಲ್ಲಾಪುರ ಜಿಲ್ಲೆಯ ಜಯಸಿಂಗಪುರ ಮೂಲದ ಸಂಜಯ್ ಘೋಡಾವತ್ ಉದ್ಯಮ ಸಮೂಹದ ಸಂಸ್ಥೆ ಇದು. ದಿನಬಳಕೆಯ ಆಹಾರ ಪದಾರ್ಥಗಳಿಂದ ಹಿಡಿದು ಪವನ ವಿದ್ಯುತ್ತಿನವರೆಗೆ ಕೈಚಾಚಿದ್ದ ಈ ಸಮೂಹಕ್ಕೆ ವಿಮಾನ ಕ್ಷೇತ್ರದಲ್ಲಿ ಇದ್ದ ಅನುಭವವೆಂದರೆ ಹೆಲಿಕಾಪ್ಟರ್ ಸೇವೆ ಮಾತ್ರ. 2019ರ ಜನವರಿ 25ರಂದು ಬೆಂಗಳೂರು–ಹುಬ್ಬಳ್ಳಿ ಹಾರಾಟದೊಂದಿಗೆ ಅದು ಕಾರ್ಯಾರಂಭ ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ದೆಹಲಿಯ ಬಳಿಯ ಹಿಂಡನ್ ವಾಯುನೆಲೆಗೂ ಹೊಸದಾಗಿ ತೆರೆದ ಕಲಬುರಗಿ ನಿಲ್ದಾಣಕ್ಕೂ ಅದರ ವಿಮಾನಗಳು ತಲುಪಿದವು.

ಬೆಳಗಾವಿಯ ಪಾಲಿಗೆ ಮುಖ್ಯವಾದದ್ದು ಉತ್ತರದ ಮಾರ್ಗಗಳು. ಅಹಮದಾಬಾದ್ 2019ರಲ್ಲಿ, ಇಂದೋರ್ 2020ರ ಜನವರಿಯಲ್ಲಿ, ನಂತರ ಸೂರತ್, 2021ರ ಆರಂಭದಲ್ಲಿ ನಾಸಿಕ್ ಹಾಗೂ ಜೋಧಪುರ. ಈ ಪಟ್ಟಿಯನ್ನು ಗಮನಿಸಿದರೆ ಇದು ಪ್ರವಾಸಿಗರಿಗಿಂತ ಹೆಚ್ಚಾಗಿ ಗಿರಾಕಿ–ಸರಬರಾಜುದಾರರ ನಕ್ಷೆಯೆಂಬುದು ತಿಳಿಯುತ್ತದೆ. ನೂಲು, ಬಟ್ಟೆಗಾಗಿ ಸೂರತ್, ಯಂತ್ರೋಪಕರಣಗಳಿಗಾಗಿ ಅಹಮದಾಬಾದ್. ರಾಮದುರ್ಗದ ಸೀರೆ ವ್ಯಾಪಾರಿ ಸೂರತ್‌ಗೆ ಹೋಗಿ ಸರಕು ನೋಡಿ, ದರ ಕುದುರಿಸಿ ಮರಳಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಿತ್ತು. ವಿಮಾನದಲ್ಲಿ ಅದು ಎರಡು ಗಂಟೆಯೊಳಗಿನ ಮಾತು. ಸರಕು ಮಾತ್ರ ಹಿಂದಿನಂತೆಯೇ ಲಾರಿಯಲ್ಲಿ ಬರಬೇಕು. ಇಷ್ಟು ಚಿಕ್ಕ ವಿಮಾನದಲ್ಲಿ ಮಾದರಿಯ ಪೆಟ್ಟಿಗೆಗೆ ಸ್ಥಳವುಂಟು, ಬೇಲುಗಳಿಗಿಲ್ಲ.

ಈ ವ್ಯವಹಾರದ ಲೆಕ್ಕವನ್ನು ಕೊಂಚ ಬಿಡಿಸಿ ನೋಡುವುದು ಉಚಿತ. ಸಂಸ್ಥೆ ಆರಂಭದಲ್ಲಿ ಬಳಸಿದ್ದು ಬ್ರೆಜಿಲ್ ದೇಶದ ಎಂಬ್ರೇಯರ್ ಕಂಪನಿಯ ಇಆರ್‌ಜೆ–145 ಜೆಟ್. ಆಸನಗಳು 50, ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಎರಡು. ಉಡಾನ್ ನಿಯಮದಂತೆ ಅರ್ಧದಷ್ಟು, ಎಂದರೆ 25 ಆಸನಗಳನ್ನು ನಿಗದಿತ ದರಕ್ಕೆ ಮಾರಬೇಕು. ಯೋಜನೆಯ ಆರಂಭದಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಈ ದರದ ಮಿತಿ 2,500 ರೂಪಾಯಿ. ಅದರಿಂದಾಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ಅನುದಾನದ ಮೂಲಕ ತುಂಬುತ್ತದೆ. ಕರ್ನಾಟಕದಂತಹ ರಾಜ್ಯಗಳು ಅದರ ಶೇ. 20ರಷ್ಟನ್ನು ಭರಿಸಬೇಕು. ಇಂಧನ ತೆರಿಗೆಯಲ್ಲಿ ರಿಯಾಯಿತಿ, ಇಳಿದಾಣ ಶುಲ್ಕದಲ್ಲಿ ವಿನಾಯಿತಿ ಬೇರೆ. ಉಳಿದ 25 ಆಸನಗಳ ದರ ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. ಹತ್ತು ಆಸನ ಖಾಲಿಯಾದರೆ 180 ಆಸನಗಳ ವಿಮಾನಕ್ಕೆ ಅದು ಸಣ್ಣ ಗಾಯ. 50 ಆಸನಗಳ ವಿಮಾನಕ್ಕೆ ಐದನೆಯ ಒಂದು ಭಾಗದ ಆದಾಯವೇ ಹೋದಂತೆ. ಪೈಲಟ್‌ಗಳು ಎರಡೂ ವಿಮಾನಗಳಿಗೆ ಇಬ್ಬರೇ ಬೇಕು ಎಂಬುದನ್ನು ಮರೆಯುವಂತಿಲ್ಲ.

ಕನ್ನಡ ನಾಡಿಗೆ ಈ ಪಾಠ ಹೊಸದಲ್ಲ. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರೂ ಹೆಲಿಕಾಪ್ಟರ್ ಸೇವೆಯಿಂದಲೇ ಆರಂಭಿಸಿ 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. 48 ಆಸನಗಳ ಎಟಿಆರ್ ವಿಮಾನ ಹುಬ್ಬಳ್ಳಿಯಲ್ಲಿ ಇಳಿದದ್ದು ಅದರ ಮೊದಲ ದಿನಗಳಲ್ಲೇ. ಸರ್ಕಾರದ ಅನುದಾನವಿಲ್ಲದೆ, ಅಗ್ಗದ ದರದಿಂದ ಜನರನ್ನು ತುಂಬಿಸುವ ಸಾಹಸ ಅದು. ಒಂದು ರೂಪಾಯಿಯ ಟಿಕೆಟ್ಟು ಮನೆಮಾತಾಯಿತು. ನಷ್ಟವೂ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಸಮೂಹ ಶೇ. 26ರಷ್ಟು ಪಾಲನ್ನು ಖರೀದಿಸಿತು, 2008ರಲ್ಲಿ ವಿಲೀನವಾಯಿತು, 2012ರಲ್ಲಿ ಕಿಂಗ್‌ಫಿಷರ್ ಸ್ವತಃ ನೆಲಕ್ಕಿಳಿಯಿತು.

ಅನುದಾನ ಪಡೆದವರ ಕಥೆಯೂ ಎಲ್ಲೆಡೆ ಸುಖಾಂತವಲ್ಲ. ಮಹಾಲೇಖಪಾಲರ 2023ರ ವರದಿಯಂತೆ ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅನುದಾನ ನಿಂತ ಬಳಿಕವೂ 2023ರ ಮಾರ್ಚ್‌ವರೆಗೆ ಮುಂದುವರಿದದ್ದು ಕೇವಲ 54. ಅಂಗಡಿ ತೆರೆಯಲು ಸಾಲ ಸಿಕ್ಕೀತು, ಗಿರಾಕಿಯನ್ನು ಸಾಲ ಪಡೆಯಲಾಗದು ಎಂಬುದನ್ನು ಈ ಅಂಕಿಗಳಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು.

ಸ್ಟಾರ್ ಏರ್ ಇದಕ್ಕೆ ಕಂಡುಕೊಂಡ ದಾರಿ ಕುತೂಹಲಕರ. 2023ರಲ್ಲಿ ಅದು 76 ಆಸನಗಳ ಎಂಬ್ರೇಯರ್ ಇ–175 ವಿಮಾನಗಳನ್ನು ಸೇರಿಸಿಕೊಂಡಿತು. ಅವುಗಳಲ್ಲಿ 12 ಆಸನ ಬಿಸಿನೆಸ್ ದರ್ಜೆಯವು. ಅದೇ ಇಬ್ಬರು ಪೈಲಟ್‌ಗಳ ಖರ್ಚನ್ನು ಹೆಚ್ಚು ಟಿಕೆಟ್ಟುಗಳ ಮೇಲೆ ಹಂಚುವುದು, ಪೂರ್ಣ ದರ ತೆರಬಲ್ಲ ಉದ್ಯಮಿಯನ್ನು ಹುಡುಕುವುದು ಇದರ ಹಿಂದಿನ ಲೆಕ್ಕವೆಂದು ತೋರುತ್ತದೆ. ಆದರೆ ದೊಡ್ಡ ವಿಮಾನಕ್ಕೆ ಪ್ರತಿದಿನ 26 ಮಂದಿ ಹೆಚ್ಚು ಬೇಕು. ಸೂರತ್‌ಗೆ ತಿಂಗಳಿಗೊಮ್ಮೆ ಹೋಗುವವನು ಬಸ್ಸನ್ನೇ ಹಿಡಿದರೆ ಆ 26ರಲ್ಲಿ ಒಂದು ಕಡಿಮೆಯಾಯಿತು.

ಬೀದರ್‌ನಲ್ಲಿ ನಡೆದದ್ದು ಕಣ್ಣ ಮುಂದಿದೆ. ಅಲ್ಲಿಗೆ 2020ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಸೇವೆ ಆರಂಭಿಸಿದ್ದು ಹೈದರಾಬಾದಿನ ಟ್ರೂಜೆಟ್. 2022ರ ಹೊತ್ತಿಗೆ ಆ ಸಂಸ್ಥೆಯ ಹಾರಾಟವೇ ನಿಂತಿತು. ಅದೇ ವರ್ಷ ಸ್ಟಾರ್ ಏರ್ ಆ ಮಾರ್ಗವನ್ನು ಕೈಗೆತ್ತಿಕೊಂಡಿತು, 2023ರ ಕೊನೆಗೆ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆಯ ವಿಮಾನ ಮತ್ತೆ ಬೀದರ್‌ನಲ್ಲಿ ಇಳಿಯಿತು. ಈ ಬಾರಿ ಕೊರತೆ ತುಂಬಲು ರಾಜ್ಯ ಸರ್ಕಾರವೇ ಮುಂದೆ ಬರಬೇಕಾಯಿತು.