ನಿಮಗಿದು ಗೊತ್ತೆ? ಬಸುರಿಯ ಬಿಪಿಗೆ ವಿಟಮಿನ್ ಮದ್ದಲ್ಲ

ಗರ್ಭಿಣಿಯ ರಕ್ತದೊತ್ತಡ ಏರಿಸುವ ಪ್ರೀಎಕ್ಲಾಂಪ್ಸಿಯಾ ತಡೆಯಲು ವಿಟಮಿನ್ ಸಿ, ಇ ಮಾತ್ರೆ ಕೊಟ್ಟು ನೋಡಿದರು. ಕಾಯಿಲೆ ತಗ್ಗಲಿಲ್ಲ. ಬದಲಿಗೆ, ತೂಕ ಕಡಿಮೆಯಿದ್ದ ಮಕ್ಕಳೇ ತುಸು ಹೆಚ್ಚು ಹುಟ್ಟಿದವು!

ಬ್ರಿಟನ್ನಿನ ಈ ಪರೀಕ್ಷೆಯ ಫಲಿತಾಂಶ ಬಂದದ್ದು 2006ರಲ್ಲಿ. ಅಪಾಯ ಹೆಚ್ಚಿದ್ದ ಸುಮಾರು 2,400 ಗರ್ಭಿಣಿಯರು ಅದರಲ್ಲಿದ್ದರು. ವಿಟಮಿನ್ ನುಂಗಿದವರಲ್ಲಿ ನೂರಕ್ಕೆ 15 ಮಂದಿಗೆ, ಹುಸಿಮಾತ್ರೆ ನುಂಗಿದವರಲ್ಲಿ 16 ಮಂದಿಗೆ ಕಾಯಿಲೆ ಬಂತು.

ಹಾಗೆಂದು ವಿಟಮಿನ್ ನೆರವಾದೀತೆಂಬ ಊಹೆ ಬುಡವಿಲ್ಲದ್ದೇನಲ್ಲ. ಸಹಜ ಬಸಿರಿನಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳು ಬಾಯಿ ಅಗಲಿಸಿಕೊಂಡು ಮಾಸಿಗೆ ರಕ್ತವನ್ನು ಮೆಲ್ಲಗೆ ಹರಿಸುತ್ತವೆ. ಈ ಕಾಯಿಲೆಯಲ್ಲಿ ಅವು ಕಿರಿದಾಗಿಯೇ ಉಳಿಯುತ್ತವೆ. ನಲ್ಲಿ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ಚಿಮ್ಮುವುದಿಲ್ಲವೆ? ರಕ್ತವೂ ಹಾಗೇ ರಭಸದಿಂದ, ಬಿಟ್ಟು ಬಿಟ್ಟು ನುಗ್ಗುತ್ತದೆ. ಆಮ್ಲಜನಕ ಒಮ್ಮೆ ಸಾಲದು, ಮತ್ತೊಮ್ಮೆ ಒಟ್ಟಿಗೇ ಬಂದು ಬೀಳುತ್ತದೆ. ಈ ಏರುಪೇರಿನಲ್ಲಿ ಜೀವಕೋಶ ಕೆಡಿಸುವ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಇವನ್ನು ವಿಟಮಿನ್ ಸಿ, ಇ ತಣಿಸಬಹುದೆಂಬುದೇ ಆ ಊಹೆ. ನೊಂದ ಮಾಸು ತಾಯಿಯ ರಕ್ತಕ್ಕೆ ಬಿಡುವ ಪ್ರೋಟೀನುಗಳು ಮೈಯೆಲ್ಲ ಹರಡಿದ ರಕ್ತನಾಳಗಳ ಒಳಪದರವನ್ನು ಹಾಳುಗೆಡವುತ್ತವೆ. ನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಗ್ಗುತ್ತದೆ. ನಾಳಗಳು ಬಿಗಿದುಕೊಂಡು ಬಿಪಿ ಏರುತ್ತದೆ.

ವಿಟಮಿನ್ ಸೋತಲ್ಲಿ ಗೆದ್ದದ್ದು ಅಗ್ಗದ ಆಸ್ಪಿರಿನ್! ಅಪಾಯವಿದ್ದವರಿಗೆ ಬಸಿರಿನ 11ರಿಂದ 14ನೇ ವಾರದೊಳಗೆ ಶುರುಮಾಡಿ, ರಾತ್ರಿ ಮಲಗುವಾಗ 150 ಮಿಲಿಗ್ರಾಂ ಕೊಟ್ಟ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂತು. 37 ವಾರಕ್ಕೆ ಮುನ್ನ ಕಾಡುವ ಪ್ರೀಎಕ್ಲಾಂಪ್ಸಿಯಾ ಶೇ 4.3ರಿಂದ ಶೇ 1.6ಕ್ಕೆ ಇಳಿದಿತ್ತು. ಆದರೆ ಇದನ್ನು ವೈದ್ಯರು ಬರೆದುಕೊಟ್ಟರಷ್ಟೇ ನುಂಗಬೇಕು.