ಯುರೋಪಿಗೆ ಆಮೇಲೆ, ಮೊದಲು ಬ್ರಹ್ಮಗಿರಿಗೆ

ರಜೆ ಹತ್ತಿರ ಬಂತೆಂದರೆ ನಮ್ಮ ಕಾಮರ್ಸ್ ಗೆಳೆಯರ ಮಾತೆಲ್ಲ ಸ್ವಿಟ್ಜರ್ಲೆಂಡ್, ಪ್ಯಾರಿಸ್ ಸುತ್ತಲೇ. ಯುರೋಪಿನ ಕುಟುಂಬ ಪ್ರವಾಸದಲ್ಲಿ ಒಂದು ವಿಷಯ ನನಗೂ ಇಷ್ಟ. ಅಲ್ಲಿ ಮನೆಮಂದಿಗೆಲ್ಲ ಏನಾದರೂ ಇರುತ್ತದೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ 18 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ನೆದರ್‌ಲೆಂಡ್ಸಿನ ಎಫ್ಟೆಲಿಂಗ್ ಎಂಬ ಪಾರ್ಕಿನಲ್ಲಿ ಮಕ್ಕಳ ಕಥೆಗಳದ್ದೇ ಒಂದು ಕಾಡು ಮಾಡಿ 1952ರಿಂದ ನಡೆಸುತ್ತಿದ್ದಾರೆ.

ಆದರೆ ಲೆಕ್ಕ ಹಾಕೋಣ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಮ್ಮ ಮನೆಯಲ್ಲಿ ಅಬ್ಬಾ, ಅಮ್ಮಿ, ದಾದಿಮಾ, ನಾನು, ಎಂಟು ವರ್ಷದ ತಮ್ಮ, ಐದು ವರ್ಷದ ತಂಗಿ. ಒಟ್ಟು 405 ಯೂರೋ. ಯೂರೋಗೆ 100 ರೂಪಾಯಿ ಹಿಡಿದರೂ 40,500 ರೂಪಾಯಿ. ವಿಮಾನದ ಮಾತು ಇನ್ನೂ ಬಂದಿಲ್ಲ! ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಾವೂ ಮಾಮು ಮನೆಯವರೂ ಸೇರಿ 13 ಜನ ಬ್ರಹ್ಮಗಿರಿಗೆ ಹೋದೆವು. ಗಾಡಿ ಬಾಡಿಗೆ 2,600. ತಲೆಗೆ 200. ಊಟ ಮನೆಯದೇ.

ಬ್ರಹ್ಮಗಿರಿ ಇರುವುದು ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಹತ್ತಿರ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಊರಿನವರು ಆ ಬಂಡೆಗೆ ಅಕ್ಷರಗುಂಡು ಎನ್ನುತ್ತಿದ್ದರಂತೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎನ್ನುತ್ತದೆ. (ಲೆಕ್ಚರರ್‌ಗಳು ಇದನ್ನು ಓದಿ ಖುಷಿಪಡಬಹುದು.) ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ವಯಸ್ಸು ಸುಮಾರು 2,250 ವರ್ಷ.

ಚಿಕ್ಕ ಮಕ್ಕಳಿಗೆ ಇದೆಲ್ಲ ಹೇಳಿದರೆ ಬೇಜಾರು. ಅವರ ಕೈಗೆ ಒಂದು ಹಾಳೆ, ಪೆನ್ಸಿಲ್ ಕೊಡಿ. ಬ್ರಾಹ್ಮಿಯ 'ಕ' ಎಂದರೆ ನಮ್ಮ ಕೂಡಿಸುವ ಚಿಹ್ನೆಯೇ. 'ಠ' ಒಂದು ಸೊನ್ನೆ. 'ಥ' ನಡುವೆ ಚುಕ್ಕಿ ಇಟ್ಟ ಸೊನ್ನೆ. ಈ ಗುರುತುಗಳನ್ನು ಮನೆಯಲ್ಲೇ ಬರೆದುಕೊಂಡು ಹೋದರೆ ಮಕ್ಕಳು ತಮ್ಮ ಹೆಸರನ್ನೇ ಬ್ರಾಹ್ಮಿಯಲ್ಲಿ ಬರೆಯಲು ಕೂರುತ್ತಾರೆ. ಬಂಡೆಯ ಮೇಲೆ ಮಾತ್ರ ಸೀಮೆಸುಣ್ಣ, ನೀರು ಏನೂ ಬೇಡ.

ದಾದಿಮಾಗೆ ಕನ್ನಡ ಓದಲು ಬರುವುದಿಲ್ಲ, ಉರ್ದು ಬರುತ್ತದೆ. ಅವರಿಗಾಗಿಯೇ ಇದ್ದಂತಿತ್ತು ಶಾಸನದ ಕೊನೆ. ಬರೆದವನ ಹೆಸರು ಚಪಡ. ಹೆಸರು ಬ್ರಾಹ್ಮಿಯಲ್ಲಿದೆ, ಆದರೆ 'ಲಿಪಿಕಾರ' ಎಂಬ ತನ್ನ ಕೆಲಸದ ಮಾತನ್ನು ಆತ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಪೇಶಾವರದ ಕಡೆಯ ಲಿಪಿ. ಅದನ್ನು ಉರ್ದುವಿನಂತೆಯೇ ಬಲದಿಂದ ಎಡಕ್ಕೆ ಓದಬೇಕು. ಉರ್ದು ಲಿಪಿ ಅದರಿಂದ ಹುಟ್ಟಿದ್ದಲ್ಲ, ಸಾಗುವ ದಿಕ್ಕು ಮಾತ್ರ ಒಂದೇ. ಅಷ್ಟು ದೂರದ ಲಿಪಿ ಕಲಿತ ಮನುಷ್ಯ ನಮ್ಮ ತಾಲ್ಲೂಕಿನ ಪಕ್ಕದಲ್ಲಿ ಕೂತು ಬರೆದ ಎಂದಾಗ ದಾದಿಮಾ, "ಅವನ ಮನೆಯವರು ಅಲ್ಲೇ ಇದ್ದರಾ, ಇಲ್ಲಿಗೆ ಬಂದರಾ?" ಎಂದು ಕೇಳಿದರು. ಇದಕ್ಕೆ ಉತ್ತರ ಬಂಡೆಯಲ್ಲಿಲ್ಲ.

ಸುತ್ತಲಿನ ಬಯಲಿನಲ್ಲಿ ಕಬ್ಬಿಣದ ಯುಗದ ಕಲ್ಲಿನ ಗೋರಿಗಳು, ಕಲ್ಲುವೃತ್ತಗಳು ಇವೆ. ಕರ್ನಾಟಕದ ಹಲವೆಡೆ ಇಂಥವನ್ನು ಮೋರಿಯರ ಮನೆ ಎನ್ನುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿದರು. ಫ್ರಾನ್ಸಿನ ಕಾರ್ನಾಕ್‌ನಲ್ಲಿ ಸಾಲಾಗಿ ನಿಲ್ಲಿಸಿದ 3,000ಕ್ಕೂ ಹೆಚ್ಚು ಕಲ್ಲುಗಳಿವೆ, 2025ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಅಲ್ಲಿಗೆ ಜನ ದೇಶ ದಾಟಿ ಹೋಗುತ್ತಾರೆ. ಜಟಿಂಗ ರಾಮೇಶ್ವರದಲ್ಲೂ ಅಶೋಕನ ಶಾಸನವಿದೆ, ಆದರೆ ಅದು ಬೆಟ್ಟದ ಮೇಲೆ. ಮಂಡಿನೋವಿನವರಿಗೆ ಆಗದು.

ಇನ್ನು ಯಾರೂ ಬರೆಯದ ವಿಷಯ. ಟೂರ್ ಎಂದರೆ ನಮ್ಮ ಮನೆಯ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಬಿಸಿಲಿನಲ್ಲಿ ಇದು ಆಟವಲ್ಲ, ಸಂಜೆಗೆ ತಲೆನೋವು, ಉರಿಮೂತ್ರ. ಹಾಗಾಗಿ ಟಾಯ್ಲೆಟ್ ಎಲ್ಲೆಲ್ಲಿ ಎಂಬುದನ್ನು ಊಟಕ್ಕಿಂತ ಮೊದಲು ತೀರ್ಮಾನಿಸಿ. ನಾವು ಹೋಗುವಾಗ, ಬರುವಾಗ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು, ಬಂಡೆಯ ಹತ್ತಿರ ಎರಡು ಗಂಟೆಗಿಂತ ಹೆಚ್ಚು ಇರಲಿಲ್ಲ. ಇನ್ನೊಂದು, ಬ್ಯಾಗ್ ಕಾಯುವ ಕೆಲಸ ಪ್ರತಿ ಸಲ ಅಮ್ಮಂದಿರಿಗೆ ಬೀಳುತ್ತದೆ. ಬ್ಯಾಗುಗಳನ್ನು ಗಾಡಿಯಲ್ಲೇ ಬಿಟ್ಟು ಬೀಗ ಹಾಕಿ.

ಏಪ್ರಿಲ್, ಮೇ ತಿಂಗಳಲ್ಲಿ ಹೋಗಬೇಡಿ, ಬಂಡೆ ಕಾದು ಹೆಂಚಾಗಿರುತ್ತದೆ. ದಸರಾ ರಜೆ ಒಳ್ಳೆಯದು. ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದರೆ ಹತ್ತಕ್ಕೆ ಮುಗಿಯುತ್ತದೆ. ಆಮೇಲೆ ಮೊಳಕಾಲ್ಮೂರಿಗೆ ಹೋಗಿ ರೇಷ್ಮೆ ಸೀರೆಯ ಕೈಮಗ್ಗ ನೋಡಬಹುದು, ಮನೆಯವರನ್ನು ಮೊದಲೇ ಕೇಳಿಕೊಂಡರೆ ಸಾಕು. ಅಮ್ಮಿ ಆ ದಿನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಗಾಡಿಯ ಹಾರ್ನ್ ಎರಡು ಸಲ ಹೊಡೆಸಬೇಕಾಯಿತು.