ಹಾಲೂಡುವ ತಾಯಿಗೆ ದಿನಕ್ಕೆಷ್ಟು ಆಹಾರ ಬೇಕು?

ಕರು ಹಾಕಿದ ಹಸುವಿಗೆ ಎಷ್ಟು ಹಿಂಡಿ ಹಾಕಬೇಕೆಂದು ರೈತ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಶರೀರ ಪೋಷಣೆಗೆಂದು ಒಂದು ಪಾಲು, ಅದು ಕೊಡುವ ಹಾಲಿಗೆಂದು ಪ್ರತಿ ಎರಡೂವರೆ ಲೀಟರಿಗೆ ಒಂದು ಕಿಲೋದಂತೆ ಇನ್ನೊಂದು ಪಾಲು ಎಂದು ಲೆಕ್ಕ ಹಿಡಿದೇ ಹಾಕುತ್ತೀರಿ. ಆದರೆ ಅದೇ ಮನೆಯಲ್ಲಿ ಮಗುವಿಗೆ ಹಾಲೂಡುತ್ತಿರುವ ತಾಯಿಗೆ ಎಷ್ಟು ಆಹಾರ ಬೇಕೆಂದು ಲೆಕ್ಕ ಹಾಕಿದವರು ಅಪರೂಪ. ಹೋಲಿಕೆ ಒರಟಾಯಿತೆಂದು ತಾಯಂದಿರು ಬೇಸರಿಸಬಾರದು. ಲೆಕ್ಕದ ರೀತಿ ಮಾತ್ರ ಎರಡಕ್ಕೂ ಒಂದೇ.

ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ 55 ಕಿಲೋ ತೂಕದ ಹೆಂಗಸಿಗೆ ಹಗುರ ಕೆಲಸವಿದ್ದರೆ ದಿನಕ್ಕೆ 1,660, ಮಧ್ಯಮ ಕೆಲಸವಿದ್ದರೆ 2,130, ಕಷ್ಟದ ದುಡಿಮೆ ಇದ್ದರೆ 2,720 ಕ್ಯಾಲೊರಿ ಬೇಕು. ಹಾಲೂಡುವ ತಾಯಿಗೆ ಇದರ ಮೇಲೆ ಮೊದಲ ಆರು ತಿಂಗಳು ದಿನಕ್ಕೆ 600, ಅನಂತರದ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕು.

ಈ 600 ಎಲ್ಲಿಂದ ಬಂತು? ತಾಯಿಯ ಹಾಲು ದಿನಕ್ಕೆ ಸುಮಾರು 750 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ನೂರು ಮಿಲಿಲೀಟರ್ ಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಇರುವುದರಿಂದ ಮಗುವಿಗೆ ಹೋಗುವುದು ಸುಮಾರು 500 ಕ್ಯಾಲೊರಿ. ಆದರೆ ಉಂಡದ್ದೆಲ್ಲ ಹಾಲಾಗುವುದಿಲ್ಲ. ನೂರು ಕ್ಯಾಲೊರಿ ಆಹಾರ ಉಂಡರೆ ಎಂಬತ್ತು ಕ್ಯಾಲೊರಿಯಷ್ಟು ಹಾಲಾಗುತ್ತದೆ. ಹೀಗಾಗಿ 500 ಕ್ಯಾಲೊರಿಯ ಹಾಲಿಗೆ 600ಕ್ಕೂ ಸ್ವಲ್ಪ ಮೇಲ್ಪಟ್ಟು ಆಹಾರ ಬೇಕಾಯಿತು. ಬಸುರಿನಲ್ಲಿ ಚೆನ್ನಾಗಿ ಉಂಡು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡ ತಾಯಿಗೆ ಅದರಿಂದ ದಿನಕ್ಕೆ 170 ಕ್ಯಾಲೊರಿಯಷ್ಟು ಒದಗಬಹುದು. ಬಡಕಲು ಮೈಯ ತಾಯಿಗೆ ಆ ಗಂಟು ಇಲ್ಲ; ಎಲ್ಲವೂ ತಟ್ಟೆಯಿಂದಲೇ ಬರಬೇಕು.

ನಿಮ್ಮ ಮನೆಯ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಎತ್ತರಕ್ಕೆ ತಕ್ಕ ತೂಕವನ್ನು ಹಗುರ ಕೆಲಸಕ್ಕೆ 30ರಿಂದ, ಮಧ್ಯಮ ಕೆಲಸಕ್ಕೆ 39ರಿಂದ, ಕಷ್ಟದ ದುಡಿಮೆಗೆ 49ರಿಂದ ಗುಣಿಸಿ. ಅದಕ್ಕೆ 600 ಕೂಡಿಸಿ. 50 ಕಿಲೋ ತೂಗುವ ಬಾಣಂತಿ ಮನೆಯೊಳಗೇ ಇರುವಾಗ 1,500ಕ್ಕೆ 600 ಸೇರಿ 2,100 ಕ್ಯಾಲೊರಿ ಆಯಿತು. ಅದೇ ಹೆಂಗಸು ಮೂರು ತಿಂಗಳು ಕಳೆದ ಮೇಲೆ ಕಳೆ ಕೀಳಲು, ನಾಟಿ ಹಾಕಲು ಹೊರಟಳೆನ್ನಿ. ಮಧ್ಯಮ ಕೆಲಸವೆಂದು ಹಿಡಿದರೂ 1,950ಕ್ಕೆ 600 ಸೇರಿ 2,550 ಆಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಹೊರೆ ಹೊರುವಂಥ ದುಡಿಮೆಯಾದರೆ 3,050.

ಇಲ್ಲಿಯೇ ನಮ್ಮ ಹಳ್ಳಿಗಳ ಪದ್ಧತಿ ಅಡಿಮೇಲಾಗಿರುವುದು ಕಾಣುತ್ತದೆ. ತುಪ್ಪ, ಕೊಬ್ಬರಿ, ಅಂಟಿನ ಉಂಡೆ ಎಲ್ಲವೂ ಅವಳು ಕೋಣೆಯಲ್ಲಿ ಬೆಚ್ಚಗೆ ಕುಳಿತಿರುವ ಮೊದಲ ದಿನಗಳಿಗೆ ಮೀಸಲು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು, ಹೊಲಕ್ಕೂ ಇಳಿದು, ಮಗುವಿಗೂ ಹಾಲೂಡುವ ನಾಲ್ಕನೆಯ, ಐದನೆಯ ತಿಂಗಳಲ್ಲಿ ಅವಳು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಬೇಡಿಕೆ 450 ಕ್ಯಾಲೊರಿ ಏರಿದಾಗ ಪೂರೈಕೆ ಇಳಿಯುತ್ತದೆ. ಮನೆಯ ಯಜಮಾನರು ಗಮನಿಸಬೇಕಾದ ಮುಖ್ಯ ಸಂಗತಿ ಇದೇ ಎಂದು ನಮ್ಮ ಅಭಿಪ್ರಾಯ.

“ಮಗು ಗುಂಡಗಿದೆಯಲ್ಲ, ಇನ್ನೇನು ಕೊರತೆ?” ಎಂದು ಕೇಳುವವರುಂಟು. ತಾಯಿ ಅರೆಹೊಟ್ಟೆ ಉಂಡರೂ ಹಾಲಿನ ಪ್ರಮಾಣ ಬೇಗನೆ ಇಳಿಯುವುದಿಲ್ಲ. ಶರೀರವು ತನ್ನ ಕೊಬ್ಬು ಮಾಂಸಗಳನ್ನು ಕರಗಿಸಿ, ಎಲುಬಿನ ಸುಣ್ಣವನ್ನೂ ತೆಗೆದು ಹಾಲಿಗೆ ಹಾಕುತ್ತದೆ. ಆದ್ದರಿಂದ ಮಗುವನ್ನು ನೋಡಿ ತಾಯಿಯ ಆಹಾರವನ್ನು ಅಳೆಯಲಾಗದು.

ಹೆಚ್ಚಿಗೆ ಬೇಕಾದ 600 ಕ್ಯಾಲೊರಿಗೆ ಪೇಟೆಯ ಡಬ್ಬಿಯ ಪುಡಿಗಳು ಬೇಕಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ದೊಡ್ಡ ಮುದ್ದೆಯಲ್ಲಿ 320, ಸಾರಿಗೆ ಹೆಚ್ಚಿಗೆ ಹಾಕಿದ 30 ಗ್ರಾಂ ತೊಗರಿಬೇಳೆಯಲ್ಲಿ 100, ಒಂದು ಹಿಡಿ ಅಂದರೆ 20 ಗ್ರಾಂ ಕಡಲೆಕಾಯಿ ಬೀಜದಲ್ಲಿ 105, ಅದರೊಡನೆ 20 ಗ್ರಾಂ ಬೆಲ್ಲದಲ್ಲಿ 70. ಒಟ್ಟು 595 ಆಯಿತು. ಇದರಲ್ಲಿ ಸುಮಾರು 18 ಗ್ರಾಂ ಸಸಾರಜನಕವೂ ಇದೆ; ಹಾಲೂಡುವ ತಾಯಿಗೆ ಹೆಚ್ಚಿಗೆ ಬೇಕೆಂದು ಹೇಳಿರುವುದು 17 ಗ್ರಾಂ. ರಾಗಿಯಿಂದ 350 ಮಿಲಿಗ್ರಾಂನಷ್ಟು ಸುಣ್ಣದ ಅಂಶ ದೊರೆಯುವುದು ಬೇರೆ. ಜೋಳದ ಸೀಮೆಯವರು ಮುದ್ದೆಯ ಬದಲು ಎರಡು ರೊಟ್ಟಿ ಹಾಕಿಕೊಂಡರೆ ಕ್ಯಾಲೊರಿ ಲೆಕ್ಕ ಸರಿಹೋಗುತ್ತದೆ. ಆದರೆ ಜೋಳದಲ್ಲಿ ಸುಣ್ಣ ಕಡಿಮೆ. ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪನ್ನು ಜೊತೆಗೆ ಸೇರಿಸಬೇಕು. ಒಂದೇ ಸಲಕ್ಕೆ ಇಷ್ಟು ಉಣ್ಣಲಾರದವರು ದಿನಕ್ಕೆ ನಾಲ್ಕೈದು ಸಲ ಉಣ್ಣಲಿ.

ಪಥ್ಯದ ವಿಷಯವನ್ನು ಬಿಡುವಂತಿಲ್ಲ. ಬೆಳ್ಳುಳ್ಳಿ, ಸಬ್ಬಸಿಗೆ, ಆಳ್ವಿ ಪಾಯಸ ಇವುಗಳಿಗೆ ನಮ್ಮ ಆಕ್ಷೇಪಣೆ ಇಲ್ಲ, ಧಾರಾಳವಾಗಿ ಕೊಡಿ. ಆದರೆ ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು ಎಂದು ಎಲ್ಲವನ್ನೂ ತೆಗೆದು ಬರೀ ಬಿಳಿ ಅನ್ನ, ಮೆಣಸಿನ ಸಾರಿನಲ್ಲಿ ತಿಂಗಳುಗಟ್ಟಲೆ ಇಡುವುದು ಅಪಾಯಕರ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ-1 ಜೀವಸತ್ವ ತೀರಾ ಕಡಿಮೆ. ತಾಯಿಯ ಊಟದಲ್ಲಿ ಅದಿಲ್ಲದಿದ್ದರೆ ಹಾಲಿನಲ್ಲಿಯೂ ಇರುವುದಿಲ್ಲ. ಹೊರಗೆ ಚೆನ್ನಾಗಿ ಕಾಣುವ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತಾ, ದನಿ ಕುಗ್ಗಿ, ಹೃದಯ ಸೋತು ಸಾಯುವುದುಂಟು. ಇಂಥ ಚಿಹ್ನೆ ಕಂಡೊಡನೆ ಆಸ್ಪತ್ರೆಗೆ ಓಡಬೇಕು. ವೇಳೆಗೆ ಬಿ-1 ಚುಚ್ಚುಮದ್ದು ಕೊಟ್ಟರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ. ತವುಡು ಪೂರ್ತಿ ಹೋಗದ ಅಕ್ಕಿ, ಕುಸುಬಲಕ್ಕಿ, ರಾಗಿ, ಬೇಳೆಕಾಳು, ಕಡಲೆಕಾಯಿ ಇವುಗಳಲ್ಲಿ ಈ ಜೀವಸತ್ವ ಇದೆ. ನೀರನ್ನು ಕಡಿಮೆ ಮಾಡುವ ಪದ್ಧತಿಯೂ ತಪ್ಪು. ಬಾಯಾರಿದಷ್ಟು ಕುಡಿಯಲಿ.

ಅಂದಾಜು ಸರಿಯಾಯಿತೇ ಎಂದು ತಿಳಿಯುವುದಕ್ಕೆ ತಕ್ಕಡಿಯೇ ಸಾಕ್ಷಿ. ಮಗುವನ್ನು ಅಂಗನವಾಡಿಯಲ್ಲಿ ತೂಗಿಸುವ ದಿನವೇ ತಾಯಿಯೂ ತೂಕ ನೋಡಿಕೊಳ್ಳಲಿ. ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಇಳಿದರೆ ಚಿಂತೆಯಿಲ್ಲ, ಬಸುರಿನ ಕೊಬ್ಬು ಕರಗುವುದು ಹಾಗೆಯೇ. ಮೊದಲೇ ತೆಳ್ಳಗಿದ್ದವಳು ಇಳಿಯುತ್ತಿದ್ದರೆ, ಅಥವಾ ಯಾರೇ ಆಗಲಿ ತಿಂಗಳಿಗೆ ಎರಡು ಕಿಲೋ ಕಳೆದುಕೊಂಡರೆ, ಮುದ್ದೆಯ ಗಾತ್ರ ಹೆಚ್ಚಬೇಕು, ಹೊಲದ ಕೆಲಸ ಕಡಿಮೆಯಾಗಬೇಕು, ವೈದ್ಯರಿಗೂ ತೋರಿಸಬೇಕು. ರಾಜ್ಯದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಊಟ ಸಿಕ್ಕರೆ ಅದನ್ನು ಮನೆಯ ಊಟದ ಜೊತೆಗೆ ಎಂದು ತಿಳಿಯಿರಿ, ಬದಲಿಗೆ ಎಂದಲ್ಲ.

ಅವಳಿ ಮಕ್ಕಳಿಗೆ ಹಾಲೂಡುವ ತಾಯಿಗೆ ಈ 600 ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಹಾಗಿರುವಾಗ ಅವಳನ್ನು ಹೊಲಕ್ಕೆ ಕರೆದೊಯ್ಯುವ ಮಾತನ್ನು ಆರು ತಿಂಗಳು ಎತ್ತದಿರುವುದೇ ಮೇಲು.